ರೋಡ್ ಬೈಕಿನ ಗೇರ್: ಕೇಬಲ್ಲೋ, ಬ್ಯಾಟರಿಯೋ?

ರೋಡ್ ಬೈಕಿಗೆ, ಅಂದರೆ ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್ಲಿಗೆ, ಬ್ಯಾಟರಿಯಿಂದ ನಡೆಯುವ ಎಲೆಕ್ಟ್ರಾನಿಕ್ ಗೇರ್ ಹಾಕಿಸಬೇಕೆಂದು ಹೊರಡುವ ಮುನ್ನ, ಈಗಿರುವ ಕೇಬಲ್ಲಿನ ಮೆಕ್ಯಾನಿಕಲ್ ಗೇರ್ ಎಲ್ಲಿ ತಡವರಿಸುತ್ತಿದೆ ಎಂಬುದನ್ನು ಪರೀಕ್ಷಿಸುವುದು ಒಳ್ಳೆಯದು. ಹಿಂದಿನ ಚಕ್ರವನ್ನು ಎತ್ತಿ ನಿಲ್ಲಿಸಿ, ಪೆಡಲ್ ತಿರುಗಿಸುತ್ತಾ ಒಂದೊಂದೇ ಗೇರ್ ಬದಲಿಸಿ. ಚೈನ್ ದೊಡ್ಡ ಹಲ್ಲುಚಕ್ರಕ್ಕೆ ಏರಲು ತಡಮಾಡಿದರೆ ಕೇಬಲ್ ಸಡಿಲವಾಗಿದೆ ಎಂದರ್ಥ. ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಭಾಗವೇ ಡಿರೇಲರ್; ಅದರಲ್ಲಿ ಕೇಬಲ್ಲಿನ ಬಿಗಿ ಹೊಂದಿಸುವ ತಿರುಪನ್ನು (ಬ್ಯಾರೆಲ್ ಅಡ್ಜಸ್ಟರ್) ಹಿಂದಿನಿಂದ ನೋಡಿದಂತೆ ಅಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ. ಏರುವುದು ಸರಿಯಿದ್ದು, ಚಿಕ್ಕದಕ್ಕೆ ಇಳಿಯುವುದು ಮಾತ್ರ ನಿಧಾನವಾದರೆ ವಿಷಯ ಬೇರೆ. ಇಳಿಸುವ ಕೆಲಸ ಡಿರೇಲರಿನ ಸ್ಪ್ರಿಂಗಿನದು. ಕೇಬಲ್ಲಿನ ಹೊರಕವಚವಾದ ಹೌಸಿಂಗಿನೊಳಗೆ ಕೆಸರು, ತುಕ್ಕು ಸೇರಿ ಕೇಬಲ್ ಸಲೀಸಾಗಿ ಜಾರದಿದ್ದಾಗ ಅದು ಸೋಲುತ್ತದೆ. ಮಲೆನಾಡಿನ ಮಳೆಯಲ್ಲಿ ಓಡಿಸಿದ ಬೈಕುಗಳಲ್ಲಿ ಇದು ಸಾಮಾನ್ಯ. ಆಗ ಅಡ್ಜಸ್ಟರ್ ತಿರುಗಿಸಿ ಪ್ರಯೋಜನವಿಲ್ಲ, ಕೇಬಲ್ ಮತ್ತು ಹೌಸಿಂಗ್ ಎರಡನ್ನೂ ಬದಲಿಸಬೇಕು. ಎಷ್ಟು ಬಿಗಿ ಮಾಡಿದರೂ ಗೇರ್ ಮತ್ತೆ ಮತ್ತೆ ಹದ ತಪ್ಪುತ್ತಿದ್ದರೆ, ಹ್ಯಾಂಡಲಿನ ಮೇಲಿನ ಗೇರ್ ಬದಲಿಸುವ ಲಿವರಿನೊಳಗೆ (ಶಿಫ್ಟರ್) ಕೇಬಲ್ಲಿನ ತಲೆಯ ಬಳಿ ಎಳೆಗಳು ಬಿಚ್ಚಿಕೊಂಡಿವೆಯೇ ನೋಡಿ. ಕೇಬಲ್ ಅಲ್ಲಿ ಪೂರ್ತಿ ತುಂಡಾದರೆ ತಲೆಯನ್ನು ಹೊರತೆಗೆಯುವುದೇ ದೊಡ್ಡ ಕೆಲಸ. ಇನ್ನು ಬೈಕ್ ಬಲಕ್ಕೆ ಬಿದ್ದು ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಬಾಗಿದ್ದರೆ ಎಲೆಕ್ಟ್ರಾನಿಕ್ ಗೇರಿನ ಮೋಟಾರೂ ಅದನ್ನು ಸರಿಪಡಿಸಲಾರದು.

ಹೊಸ ಕೇಬಲ್ ಹಾಕಿದ ಮೇಲೂ ಎಲೆಕ್ಟ್ರಾನಿಕ್ ಬೇಕೆನಿಸಿದರೆ ಅದಕ್ಕೆ ತಕ್ಕ ಕಾರಣಗಳಿವೆ. 2009ರಲ್ಲಿ ಸೈಕಲ್ ಬಿಡಿಭಾಗಗಳ ಕಂಪನಿ ಶಿಮಾನೊ ತನ್ನ ಅತಿ ಮೇಲಿನ ಡ್ಯುರಾ-ಏಸ್ ಶ್ರೇಣಿಗೆ ತಂದ ಎಲೆಕ್ಟ್ರಾನಿಕ್ ಗೇರ್ ಡಿಐ2, 2022ರಲ್ಲಿ ಮಧ್ಯಮ ದರ್ಜೆಯ 105 ಶ್ರೇಣಿಗೂ ಇಳಿಯಿತು. ಇದರಲ್ಲಿ ಡಿರೇಲರನ್ನು ಸರಿಸುವುದು ಮೋಟಾರ್. ಎಳೆದು ಸಡಿಲಾಗುವ ಕೇಬಲ್ಲೇ ಇಲ್ಲದ್ದರಿಂದ ಒಮ್ಮೆ ಕೂಡಿಸಿದ ಹದ ಬಹುಕಾಲ ನಿಲ್ಲುತ್ತದೆ. ಆದರೆ ನನ್ನ ಮಟ್ಟಿಗೆ ನಿಜವಾದ ಲಾಭ ಪೆಡಲ್ ಬಳಿಯ ಮುಂಭಾಗದ ಗೇರಿನಲ್ಲಿದೆ: 40 ಗಂಟೆಗಳೊಳಗೆ ಮುಗಿಸಬೇಕಾದ 600 ಕಿಲೋಮೀಟರ್ ಬ್ರೆವೆಯ (ಕಾಲಮಿತಿಯ ದೂರದ ಸವಾರಿ) ಎರಡನೆಯ ದಿನ, ಸೋತ ಎಡಗೈಯಿಂದ ಲಿವರನ್ನು ಪೂರ್ತಿ ನೂಕುವುದಕ್ಕೂ ಗುಂಡಿಯೊಂದನ್ನು ಒತ್ತುವುದಕ್ಕೂ ಬಹಳ ವ್ಯತ್ಯಾಸವಿದೆ. ಹ್ಯಾಂಡಲಿನೊಳಗಿಂದಲೇ ಕೇಬಲ್ ಸಾಗುವ ಹೊಸ ಫ್ರೇಮುಗಳಲ್ಲಿ ಕೇಬಲ್ ಬದಲಿಸುವುದು ತಲೆನೋವಾದ್ದರಿಂದ, ಅಲ್ಲಿಯೂ ಎಲೆಕ್ಟ್ರಾನಿಕ್ಕೇ ಮೇಲು.

ಇದರ ನಿರ್ವಹಣೆಯೆಂದರೆ ಬಹುಪಾಲು ಚಾರ್ಜಿಂಗ್. ಡಿಐ2 ಬ್ಯಾಟರಿ ಬಹಳ ದಿನ ಬಾಳುವುದರಿಂದ ಮರೆತುಹೋಗುವುದೇ ಅದರ ಅಪಾಯ. ಬ್ಯಾಟರಿ ಬರಿದಾಗುತ್ತಾ ಬಂದಾಗ ಮೊದಲು ಮುಂದಿನ ಡಿರೇಲರ್ ನಿಲ್ಲುತ್ತದೆ, ಆಮೇಲೆ ಹಿಂದಿನದು ಇದ್ದ ಗೇರಿನಲ್ಲೇ ಉಳಿಯುತ್ತದೆ. ಇನ್ನೊಂದು ಕಂಪನಿಯಾದ ಸ್ರ್ಯಾಮಿನ ವೈರ್‌ಲೆಸ್ ವ್ಯವಸ್ಥೆಯಲ್ಲಿ ಎರಡೂ ಡಿರೇಲರುಗಳ ಬ್ಯಾಟರಿ ಒಂದೇ ಬಗೆಯವು. ಹಿಂದಿನದು ಖಾಲಿಯಾದರೆ ಮುಂದಿನದನ್ನು ಅಲ್ಲಿಗೆ ಹಾಕಿಕೊಂಡು ಮನೆ ಸೇರಬಹುದು. ಬೈಕನ್ನು ಕಾರಿನ ಮೇಲೆ ಸಾಗಿಸುವಾಗ ಅಲುಗಾಟಕ್ಕೆ ಈ ವ್ಯವಸ್ಥೆ ಎಚ್ಚರವಾಗಿಯೇ ಇರುವುದರಿಂದ ಬ್ಯಾಟರಿಗಳನ್ನು ಕಳಚಿಡಿ. ಶಿಫ್ಟರಿನ ನಾಣ್ಯದಾಕಾರದ ಸೆಲ್ ಒಂದನ್ನು ಹೆಚ್ಚುವರಿಯಾಗಿ ಚೀಲದಲ್ಲಿಡಿ.

ವಾರಾಂತ್ಯದಲ್ಲಷ್ಟೇ ಸವಾರಿ ಮಾಡಿ, ತಮ್ಮ ಬೈಕನ್ನು ತಾವೇ ಬಿಚ್ಚಿ ಜೋಡಿಸುವವರಿಗೆ ಮೆಕ್ಯಾನಿಕಲ್ 105 ಸಾಕು; ಉಳಿದ ಹಣ ಒಳ್ಳೆಯ ಟೈರಿಗೆ ಹೋಗಲಿ. ಹಳೆಯ ಬೈಕಿಗೆ 105 ಡಿಐ2 ಹಾಕಿಸುವುದಾದರೆ ಶಿಫ್ಟರ್, ಎರಡು ಡಿರೇಲರ್, ಹಿಂದಿನ ಚಕ್ರದ 12 ಹಲ್ಲುಚಕ್ರಗಳ ಗುಚ್ಛ (ಕ್ಯಾಸೆಟ್), ಚೈನ್ ಎಲ್ಲವೂ ಒಟ್ಟಿಗೆ ಬದಲಾಗಬೇಕು. ಅದರ ಶಿಫ್ಟರುಗಳು ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೆ ಮಾತ್ರ ಹೊಂದುವುದರಿಂದ, ರಿಮ್ ಬ್ರೇಕ್ ಬೈಕ್ ಇರುವವರಿಗೆ ಅದು ಒದಗುವುದಿಲ್ಲ.