ಚೀಸ್ ತಿನ್ನೋಕೆ ವೈನ್ ಬೇಕಿಲ್ಲ, ಗೊಜ್ಜು ಸಾಕು

ಚೀಸ್ ಅಂದರೆ ನಮ್ಮಲ್ಲಿ ಜಾಸ್ತಿ ಜನಕ್ಕೆ ಪಿಜ್ಜಾ ಮೇಲೆ ಎಳೆ ಎಳೆಯಾಗಿ ಬರುವ ವಸ್ತು. ಇಲ್ಲಾ, ಮಕ್ಕಳ ಸ್ಯಾಂಡ್‌ವಿಚ್ ಒಳಗಿನ ಹಳದಿ ಹಾಳೆ. ಚೀಸನ್ನು ಸುಮ್ನೆ ಚೀಸಾಗಿಯೇ ತಿನ್ನುವವರು ಕಡಿಮೆ. ತಿನ್ನುವವರೂ ವೈನ್ ಇಲ್ಲದಿದ್ದರೆ ಏನು ರುಚಿ ಅಂತಾರೆ. ನಾನಿರುವುದು ಸಕಲೇಶಪುರದ ಹತ್ತಿರ, ಕಾಫಿ ತೋಟದ ಮನೆಯಲ್ಲಿ. ಬೆಂಗಳೂರಿಗೆ ಹೋದಾಗಲೆಲ್ಲ ಒಂದೆರಡು ತುಂಡು ಚೀಸ್ ತರುವುದು ನನಗೆ ಚಟ. ಅದಕ್ಕೆ ಜೊತೆ ಹುಡುಕಲು ಅಡುಗೆಮನೆ, ಹಿತ್ತಲು ಬಿಟ್ಟು ಆಚೆ ಹೋಗಿದ್ದೇ ಇಲ್ಲ. ಉಪ್ಪು, ಜಿಡ್ಡು ಎರಡೂ ತುಂಬಿರುವ ತಿನಿಸು ಅದು. ಪಕ್ಕದಲ್ಲಿ ಹುಳಿಯೋ ಸಿಹಿಯೋ ಕಹಿಯೋ ಒಂದಿದ್ದರೆ ಸಾಕು. ಮಲೆನಾಡಲ್ಲಿ ಇವಕ್ಕೇನು ಬರ ಹೇಳಿ?

ತಿನ್ನೋಕೆ ಮುಂಚೆ ಮಾಡಬೇಕಾದದ್ದು ಒಂದೇ: ಫ್ರಿಜ್‌ನಿಂದ ತೆಗೆದು ಹೊರಗಿಡುವುದು. ತಣ್ಣಗಿದ್ದಾಗ ಅದರ ಕೊಬ್ಬು ಬಿಗಿದುಕೊಂಡಿರುತ್ತದೆ, ಘಮ ಹೊರಗೇ ಬರಲ್ಲ. ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಮುಕ್ಕಾಲು ಗಂಟೆ ಇಡುತ್ತೇನೆ. ಏಪ್ರಿಲ್ ಬಿಸಿಲಲ್ಲಿ ಹಾಸನದ ತಂಗಿ ಮನೆಯಲ್ಲಾದರೆ ಕಾಲು ಗಂಟೆ ಸಾಕು. ಅದಕ್ಕಿಂತ ಜಾಸ್ತಿ ಬಿಟ್ಟರೆ ಚೆಡ್ಡರ್ ಮೈಯಿಂದ ಎಣ್ಣೆ ಒಸರುತ್ತದೆ. ತಟ್ಟೆ ಮುಚ್ಚಿಡಿ, ಇಲ್ಲದಿದ್ದರೆ ಅಂಚು ಒಣಗಿ ಬಿರುಸಾಗುತ್ತದೆ.

ಚೀಸ್ ಹೊಸದು ಅನ್ನುವವರಿಗೆ ನಾನು ಮೊದಲು ಕೊಡುವುದು ಚೆಡ್ಡರ್. ಇಂಗ್ಲೆಂಡಿನ ಸಾಮರ್ಸೆಟ್ ಕಡೆಯ ಚೆಡ್ಡರ್ ಅನ್ನುವ ಊರಿನದು. ಗಟ್ಟಿಯಾದ ಹಾಲನ್ನು ಹಲಗೆ ಹಾಗೆ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ, ಮತ್ತೆ ಮತ್ತೆ ಮಗುಚುತ್ತಾರೆ. ನೀರು ಇಳಿಯುತ್ತಾ ಹೋದಂತೆ ಹುಳಿ ಏರುತ್ತದೆ. ಅಲ್ಲಿನವರು ಇದನ್ನು ಬ್ರೆಡ್ ಜೊತೆ, ಸಿಹಿ ಹುಳಿ ಚಟ್ನಿ ಹಚ್ಚಿಕೊಂಡು ತಿನ್ನುತ್ತಾರೆ. ನಮ್ಮಲ್ಲಿ ಅನಾನಸ್ ಗೊಜ್ಜು ಇದೆಯಲ್ಲ! ಬೆಲ್ಲ, ಹುಣಸೆ, ಎಳ್ಳು, ಮೆಣಸಿನಕಾಯಿ ಎಲ್ಲ ಒಂದರಲ್ಲೇ ಸಿಕ್ಕಿತು. ಒಂದು ವರ್ಷ ಮಾಗಿದ ಚೆಡ್ಡರ್ ಚೂರಿನ ಮೇಲೆ ಅರ್ಧ ಚಮಚ ಗೊಜ್ಜು ಹಾಕಿ ತಿಂದು ನೋಡಿ. ಗೊಜ್ಜು ಸ್ವಲ್ಪ ಗಟ್ಟಿಯಾಗಿರಲಿ. ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಬೇಡ. ಎರಡರಲ್ಲೂ ಉಪ್ಪು, ನಾಲಿಗೆ ಸೋಲುತ್ತದೆ.

ನನಗೆ ತುಂಬಾ ಇಷ್ಟದ್ದು ಹಳೇ ಗೌಡಾ. ನೆದರ್‌ಲ್ಯಾಂಡ್ಸ್‌ನ ಚೀಸ್ ಇದು, ಎಳೆಯದು ಮೆತ್ತಗೆ, ಸಪ್ಪೆ. ವರ್ಷಗಟ್ಟಲೆ ಇಟ್ಟದ್ದರ ಕಥೆಯೇ ಬೇರೆ. ಬಣ್ಣ ಬೆಲ್ಲದ ಕಡೆಗೆ ತಿರುಗಿರುತ್ತದೆ. ಚಾಕು ಇಟ್ಟರೆ ಸಲೀಸಾಗಿ ಕೊಯ್ಯಲು ಬರಲ್ಲ, ಪುಡಿಪುಡಿಯಾಗಿ ಒಡೆಯುತ್ತದೆ. ಒಡೆದ ಮುಖದಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆ ಕಾಣುತ್ತವೆ, ಹಲ್ಲಿಗೆ ಸಿಕ್ಕರೆ ಕಟಕ್ ಅನ್ನುತ್ತವೆ. ಬೂಸ್ಟು ಅಂತ ಎಸೆಯಬೇಡಿ, ಉಪ್ಪೂ ಅಲ್ಲ. ಮಾಗುವಾಗ ಪ್ರೋಟೀನ್ ಒಡೆದು ಟೈರೋಸಿನ್ ಅನ್ನುವ ಅಮೈನೋ ಆಮ್ಲ ಹರಳುಗಟ್ಟಿರುತ್ತದೆ, ಅಷ್ಟೆ. ಇದಕ್ಕೆ ಸರಿಜೋಡಿ ಹಾಲಿಲ್ಲದ ಕಾಫಿ. ಚಿಕೋರಿ ಬೇಡ, ಸಕ್ಕರೆಯೂ ಬೇಡ. ಚೂರು ಚೀಸ್ ಬಾಯಲ್ಲಿಟ್ಟುಕೊಂಡು ಬಿಸಿ ಕಾಫಿ ಒಂದು ಗುಟುಕು ಕುಡಿಯಿರಿ. ಕೊಬ್ಬು ಕರಗಿ ಕಾಫಿಯ ಕಹಿ ಮೆತ್ತಗಾಗುತ್ತದೆ, ಚೀಸ್‌ನ ಸಿಹಿ ಆಗ ಮೇಲೆ ಬರುತ್ತದೆ. ಕಾಫಿ ಜೊತೆ ಚೀಸಾ ಅಂತ ನಗುವವರು ಇದ್ದಾರೆ. ಫಿನ್‌ಲ್ಯಾಂಡ್, ಸ್ವೀಡನ್ನಿನ ಉತ್ತರದ ಕಡೆ ಚೀಸ್ ತುಂಡನ್ನು ಕಾಫಿ ಲೋಟದೊಳಗೇ ಹಾಕಿಕೊಂಡು ತಿನ್ನುತ್ತಾರೆ. ನಾವೂ ಬಿಸ್ಕತ್ತು ಅದ್ದುವವರೇ ತಾನೆ?

ಇನ್ನು ಆಲೂಗಡ್ಡೆ. ಹಾಸನ ಜಿಲ್ಲೆಯವರಾಗಿ ಇದನ್ನು ಹೇಳದಿದ್ದರೆ ಹೇಗೆ! ಸ್ವಿಟ್ಜರ್‌ಲ್ಯಾಂಡಿನ ವಾಲೆ ಪ್ರಾಂತ್ಯದಲ್ಲಿ ರಾಕ್ಲೆಟ್ ಅಂತ ಒಂದು ಊಟ ಇದೆ. ಅರ್ಧ ಚೀಸ್ ಚಕ್ರವನ್ನು ಬೆಂಕಿ ಕಡೆ ಮುಖ ಮಾಡಿ ಇಟ್ಟು, ಕರಗಿದ್ದನ್ನು ಬೇಯಿಸಿದ ಆಲೂಗಡ್ಡೆ ಮೇಲೆ ಕೆರೆದು ಹಾಕುತ್ತಾರೆ. ಪಕ್ಕದಲ್ಲಿ ವಿನೆಗರ್‌ನಲ್ಲಿಟ್ಟ ಮಿಡಿಸೌತೆ, ಸಣ್ಣ ಈರುಳ್ಳಿ. ಆಲೂಗಡ್ಡೆ ನಮ್ಮದೇ. ಜಾಡಿಗಳಲ್ಲಿ ಯೂರೋಪಿಗೆ ಹೋಗುವ ಮಿಡಿಸೌತೆಯೂ ಕರ್ನಾಟಕದ ಬಯಲುಸೀಮೆ ರೈತರೇ ಬೆಳೆಯುವಂಥದ್ದು. ಹಾಗಾಗಿ ನಮಗೆ ಹೊರಗಿನಿಂದ ಬರಬೇಕಾದದ್ದು ಚೀಸ್ ಒಂದೇ.

ನಾನು ಮಾಡುವುದು ಹೀಗೆ. ಮುಂಗಾರಿನ ಬೆಳೆ ಕಿತ್ತು ಮಾರ್ಕೆಟ್ಟಿಗೆ ಬರುವ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸಣ್ಣ ಗೆಡ್ಡೆ ಆರಿಸಿ ತರುತ್ತೇನೆ. ಕುಫ್ರಿ ಜ್ಯೋತಿ ತಳಿಯ ಹೊಸ ಗೆಡ್ಡೆಗೆ ಸಿಪ್ಪೆ ತೆಳ್ಳಗಿರುತ್ತದೆ, ಸುಲಿಯುವುದೇ ಬೇಡ. ಉಪ್ಪು ಹಾಕಿ ಬೇಯಿಸಬೇಕು. ಕುಕ್ಕರ್ ಬೇಡ, ಸಿಡಿದು ಹಿಟ್ಟಾಗುತ್ತದೆ. ರಾಕ್ಲೆಟ್‌ಗೆ ಬಳಸುವ ಚೀಸ್ ಸಿಗದಿದ್ದರೆ ಎಳೇ ಗೌಡಾ ನಡೆಯುತ್ತದೆ. ಬೆರಳು ದಪ್ಪದ ತುಂಡನ್ನು ಸಣ್ಣ ಕಬ್ಬಿಣದ ಬಾಣಲೆಯಲ್ಲಿಟ್ಟು, ಒಲೆಯ ಕೆಂಡದ ಪಕ್ಕ ಇಡುತ್ತೇನೆ, ಮೇಲೆ ಅಲ್ಲ. ಅಂಚು ಮೊದಲು ಸೊಟ್ಟಗಾಗುತ್ತದೆ, ಆಮೇಲೆ ನಡುವೆ ಗುಳ್ಳೆ ಏಳುತ್ತದೆ. ಗುಳ್ಳೆ ಕಂಡ ಕೂಡಲೇ ತೆಗೆದು ಒಡೆದ ಆಲೂಗಡ್ಡೆ ಮೇಲೆ ಜಾರಿಸಬೇಕು. ಇನ್ನೂ ಕಾದರೆ ಎಣ್ಣೆ ಒಂದು ಕಡೆ, ರಬ್ಬರ್ ಒಂದು ಕಡೆ ಆಗುತ್ತದೆ. ಮೇಲೆ ತೋಟದ ಕಾಳುಮೆಣಸು, ದಪ್ಪದಪ್ಪಗೆ ಕುಟ್ಟಿದ್ದು. ಬಾಣಲೆ ತಳದಲ್ಲಿ ಗರಿಗರಿಯಾಗಿ ಅಂಟಿದ್ದಕ್ಕೆ ನಮ್ಮ ಮಕ್ಕಳಲ್ಲಿ ಜಗಳವೇ ನಡೆಯುತ್ತದೆ. ಇದರ ಜೊತೆ ತಣ್ಣೀರು ಕುಡಿಯಬಾರದು, ಬಿಸಿ ಚಹಾ ಕುಡಿಯಬೇಕು ಅಂತ ಸ್ವಿಸ್ ಜನ ಹೇಳುತ್ತಾರಂತೆ. ನಮ್ಮಲ್ಲಿ ಶುಂಠಿ ಕಷಾಯ.

ನೀಲಿ ಚೀಸ್ ಅಂದರೆ ಮಾರು ದೂರ ಹೋಗುವವರು ಜಾಸ್ತಿ. ಒಳಗೆ ಕಾಣುವ ನೀಲಿ ಗೆರೆ ಪೆನಿಸಿಲಿಯಂ ರೋಕ್‌ಫೋರ್ಟಿ ಅನ್ನುವ ಬೂಸ್ಟು. ಅದಕ್ಕೆ ಗಾಳಿ ಬೇಕು, ಅದಕ್ಕೇ ಚೀಸ್‌ಗೆ ಸೂಜಿ ಚುಚ್ಚಿ ತೂತು ಮಾಡುತ್ತಾರೆ. ಆ ತೂತಿನ ದಾರಿಯಲ್ಲೇ ನೀಲಿ ಬೆಳೆಯುತ್ತದೆ. ವಾಸನೆ ಜೋರು, ನಿಜ. ಆದರೆ ನೀರಲ್ಲಿ ದಿನಗಟ್ಟಲೆ ನೆನೆದ ಕಳಲೆಯ ವಾಸನೆ ಗೊತ್ತಿರುವ ಮಲೆನಾಡಿನವರು ಇದಕ್ಕೆ ಹೆದರಬಾರದು. ಮೊದಲ ಸಲಕ್ಕೆ ಫ್ರಾನ್ಸಿನ ಕುರಿಹಾಲಿನ ರೋಕ್‌ಫೋರ್ ಬೇಡ, ಇಟಲಿಯ ಗೊರ್ಗೊಂಜೋಲಾದಲ್ಲಿ ಮೆತ್ತಗಿನದು ತಗೊಳ್ಳಿ. ಕಡಲೆಕಾಳಿನಷ್ಟು ಚೀಸ್, ಅದರ ಮೇಲೆ ತುಡುವೆ ಜೇನು. ಹೂಮಳೆ ಬಿದ್ದು ಕಾಫಿ ಹೂ ಬಿಟ್ಟ ಮೇಲೆ ಸಿಗುವ ಜೇನಾದರೆ ಕೇಳುವುದೇ ಬೇಡ.

ಫ್ರಾನ್ಸಿನ ಮೆತ್ತಗಿನ ಚೀಸ್ ಬ್ರೀ ಸುತ್ತಲಿನ ಬಿಳಿ ಸಿಪ್ಪೆ ತಿನ್ನುವಂಥದ್ದೇ, ಕೆರೆದು ಬಿಸಾಡಬೇಡಿ. ಸೈಪ್ರಸ್‌ನ ಹಲ್ಲೂಮಿ ನಮ್ಮ ಪನೀರ್ ಹಾಗೆ ಕರಗುವುದಿಲ್ಲ, ಕಾವಲಿ ಮೇಲೆ ಕೆಂಪಗೆ ಸುಟ್ಟು ಗಜನಿಂಬೆ ಹಿಂಡಿದರೆ ಮುಗಿಯಿತು. ಗ್ರೀಸ್‌ನ ಫೆಟಾ ನನಗೆ ಅಷ್ಟೇನೂ ಹಿಡಿಸಿಲ್ಲ.

ಸಸ್ಯಾಹಾರಿಗಳು ಒಂದು ವಿಷಯ ನೋಡಿಕೊಳ್ಳಬೇಕು. ಹಾಲು ಒಡೆಯಲು ಹಾಕುವ ರೆನೆಟ್ ಹಳೇ ಪದ್ಧತಿಯಲ್ಲಿ ಕರುವಿನ ಹೊಟ್ಟೆಯಿಂದ ಬರುತ್ತದೆ. ಇಟಲಿಯ ಗಟ್ಟಿ ಚೀಸ್ ಪಾರ್ಮಿಜಾನೋ ರೆಜ್ಜಾನೋಗೆ ನಿಯಮವೇ ಹಾಗಿದೆ, ಬೇರೆ ರೆನೆಟ್ ಹಾಕುವಂತಿಲ್ಲ. ಸೂಕ್ಷ್ಮಜೀವಿಗಳಿಂದ ತೆಗೆದ ರೆನೆಟ್ ಬಳಸುವವರೂ ಬೇಕಾದಷ್ಟಿದ್ದಾರೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯಾ ನೋಡಿ. ನಮ್ಮ ಅತ್ತೆ ಅದನ್ನು ನೋಡದೆ ಮುಟ್ಟುವುದಿಲ್ಲ.

ಇಡುವುದು ಮಲೆನಾಡಲ್ಲಿ ದೊಡ್ಡ ತಲೆನೋವು. ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿದರೆ ಬೆವರುತ್ತದೆ. ಬಟರ್ ಪೇಪರ್‌ನಲ್ಲಿ ಸುತ್ತಿ, ಡಬ್ಬಿಯಲ್ಲಿ ಸಡಿಲವಾಗಿಟ್ಟು ತರಕಾರಿ ಜಾಗಕ್ಕೆ ಹಾಕಿ. ಗಟ್ಟಿ ಚೀಸ್‌ಗೆ ಬೂಸ್ಟು ಬಂದರೆ ಅದರ ಸುತ್ತ, ಕೆಳಗೆ ಒಂದು ಇಂಚು ಕೊಯ್ದು ಉಳಿದದ್ದು ತಿನ್ನಬಹುದು. ಮೆತ್ತಗಿನದಕ್ಕೆ ಬೇರೆ ಬೂಸ್ಟು ಬಂತೋ, ಪೂರ್ತಿ ತಿಪ್ಪೆಗೆ. ಜುಲೈನಲ್ಲಿ ಮರ ಬಿದ್ದು ಕರೆಂಟ್ ಎರಡು ದಿನ ಹೋಗುವುದು ನಮ್ಮಲ್ಲಿ ಮಾಮೂಲು. ಹಾಗಾಗಿ ಜೂನ್‌ನಿಂದ ಗಣೇಶನ ಹಬ್ಬದವರೆಗೆ ನಾನು ಬ್ರೀ ತರುವುದಿಲ್ಲ. ಚೆಡ್ಡರ್, ಹಳೇ ಗೌಡಾ ಅಷ್ಟೇ.