ಕಲ್ಲು ಜನವರಿಗೆ, ದುಡ್ಡು ಜೂನ್‌ಗೆ

ನಮ್ಮೂರು ಗದಗ ಜಿಲ್ಲೆಯಲ್ಲಿದೆ. ಎರೆ ಹೊಲದ ಊರು. ಜನವರಿ ಬಂತೆಂದರೆ ಮೆಣಸಿನಕಾಯಿ ಬಿಡಿಸುವ ಸುಗ್ಗಿ. ಕೆಲವು ವರ್ಷಗಳ ಹಿಂದೆ ಅಂಥದ್ದೇ ಒಂದು ಬೆಳಗ್ಗೆ ಕೂಲಿಗೆ ಹೊರಟಿದ್ದ ಗೂಡ್ಸ್ ಗಾಡಿ ಪಲ್ಟಿಯಾಯಿತು. ನಮ್ಮೂರಿನ ಏಳು ಹೆಣ್ಣುಮಕ್ಕಳು ತೀರಿಕೊಂಡರು. ಅವರಲ್ಲಿ ಐದು ಜನ ನಮ್ಮ ಸ್ವಸಹಾಯ ಸಂಘದವರು. ಒಬ್ಬಳು ಪಿಯುಸಿ ಓದುತ್ತಿದ್ದ ಹುಡುಗಿ. ಕಾಲೇಜಿನ ಫೀಗೆ ಸ್ವಲ್ಪ ಆಗುತ್ತದೆ ಅಂತ ರಜೆಯಲ್ಲಿ ಕೂಲಿಗೆ ಹೋದವಳು.

ನಾನು ಆ ಸಂಘದ ಲೆಕ್ಕ ಬರೆಯುವವಳು. ಆಮೇಲೆ ಊರವರೆಲ್ಲ ಸೇರಿ ಕಟ್ಟಿದ ಸಂಸ್ಥೆಯ ಲೆಕ್ಕವೂ ನನ್ನ ಕೈಗೇ ಬಂತು. ಈಗ ಊರಲ್ಲಿ ಏಳು ಹೆಸರಿನ ಒಂದು ಕಲ್ಲಿದೆ. ಪ್ರತಿ ವರ್ಷ ಕೂಲಿಕಾರರ ಮಕ್ಕಳ ಓದಿಗೆ ದುಡ್ಡು ಹೋಗುತ್ತಿದೆ. ಇಂಥದ್ದೇ ದುಃಖ ಕಂಡ ಬೇರೆ ಊರಿನವರು ಬಂದು "ನೀವು ಹೆಂಗ ಮಾಡಿದ್ರಿ ಅಕ್ಕಾರ" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾವು ಮೊದಲು ಕೈಗೆ ತೆಗೆದುಕೊಂಡಿದ್ದು ಸ್ಮಾರಕವನ್ನಲ್ಲ, ಸಾಲವನ್ನು. ಐದೂ ಜನರ ಹೆಸರಲ್ಲಿ ಸಂಘದ ಸಾಲ ಬಾಕಿ ಇತ್ತು. ಮನೆಯಲ್ಲಿ ದುಡಿಯುವ ಕೈ ಹೋಗಿರುವಾಗ ಕಂತು ಕೇಳಲು ಯಾರ ಬಾಯಿ ಬರುತ್ತದೆ? ಸಂಘದ ಬಡ್ಡಿ ಲಾಭದಲ್ಲಿ ಆ ಬಾಕಿಯನ್ನು ಜಮಾ ಮಾಡಿಕೊಳ್ಳಲು ಠರಾವು (ಸಭೆಯ ನಿರ್ಣಯ) ಬರೆದೆವು. ಅವರ ಉಳಿತಾಯದ ಹಣವನ್ನು ಮನೆಗೆ ಮುಟ್ಟಿಸಿದೆವು. ಆಮೇಲೆ ಒಬ್ಬೊಬ್ಬರ ಬ್ಯಾಂಕ್ ಪಾಸ್‌ಬುಕ್ ತೆಗೆದು ಕೂತೆವು. ವರ್ಷಕ್ಕೆ 20 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಅಪಘಾತದಲ್ಲಿ ತೀರಿಕೊಂಡರೆ 2 ಲಕ್ಷ ಬರುತ್ತದೆ. 436 ರೂಪಾಯಿ ಕಡಿತವಾಗಿದ್ದರೆ ಅದು ಜೀವನಜ್ಯೋತಿ, ಅದಕ್ಕೂ 2 ಲಕ್ಷ. ಎಷ್ಟೋ ಮನೆಗಳಲ್ಲಿ ತಮ್ಮವರು ಇದನ್ನು ಮಾಡಿಸಿದ್ದಾರೆ ಅನ್ನುವುದೇ ಗೊತ್ತಿರುವುದಿಲ್ಲ. ಅರ್ಜಿ ಹಾಕಲು ಗಡುವು ಇರುತ್ತದೆ. ಹಾಗಾಗಿ ಈ ಕೆಲಸ ತಡಮಾಡಬೇಡಿ.

ಪರಿಹಾರದ ಕೇಸನ್ನು ಮಾತ್ರ ಸಂಸ್ಥೆ ಕೈಗೆ ತೆಗೆದುಕೊಳ್ಳಲಿಲ್ಲ. ಅದು ಆಯಾ ಮನೆಯ ಹಕ್ಕು, ನಡುವೆ ನಾವು ನಿಲ್ಲಬಾರದು. ನಾವು ಮಾಡಿದ್ದು ಇಷ್ಟೇ: ಗದಗದ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅವರನ್ನು ಕರೆದುಕೊಂಡು ಹೋದೆವು. ಹೆಣ್ಣುಮಕ್ಕಳಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಅಪಘಾತವಾದ ಆರು ತಿಂಗಳೊಳಗೆ ಕ್ಲೇಮ್ ಹಾಕಬೇಕು ಅನ್ನುವ ನಿಯಮ 2022ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ಗೂಡ್ಸ್ ಗಾಡಿಯ ಕೇಸಿನಲ್ಲಿ ಇನ್ನೊಂದು ಕಷ್ಟವಿದೆ. ಸರಕು ಸಾಗಿಸುವ ಗಾಡಿಯಲ್ಲಿ ಸುಮ್ನೆ ಹತ್ತಿ ಕೂತವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ತೀರ್ಪು ಕೊಟ್ಟಿದೆ. ಕೂಲಿಗೆ ಹೋಗುವ ನಮ್ಮ ಹೆಣ್ಣುಮಕ್ಕಳಲ್ಲಿ ಇದು ಯಾರಿಗೆ ಗೊತ್ತಿತ್ತು?

ಸ್ಮಾರಕದ ಮಾತು ಶುರುವಾದಾಗ ಊರಲ್ಲಿ ಒಬ್ಬೊಬ್ಬರದು ಒಂದೊಂದು ಆಸೆ. ಕಮಾನು ಕಟ್ಟೋಣ ಅಂದರು. ಮೂರ್ತಿ ಮಾಡಿಸೋಣ ಅಂದರು. ಗಾಡಿ ಬಿದ್ದ ಜಾಗದಲ್ಲೇ ರಸ್ತೆ ಪಕ್ಕ ಕಟ್ಟೆ ಹಾಕೋಣ ಅನ್ನುವುದು ಹುಡುಗರ ಹಟ. ಅವರ ಸಂಕಟ ನಮಗೂ ಅರ್ಥವಾಗುತ್ತಿತ್ತು. ಆದರೆ ಸಾರ್ವಜನಿಕ ರಸ್ತೆ, ಫುಟ್‌ಪಾತ್‌ಗಳಲ್ಲಿ ಮೂರ್ತಿ ನಿಲ್ಲಿಸಲು, ಕಟ್ಟಡ ಕಟ್ಟಲು ಅನುಮತಿ ಕೊಡಬಾರದೆಂದು 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. ಕಟ್ಟಿದ ಮೇಲೆ ಯಾರೋ ಬಂದು ಕೆಡವಿದರೆ ಆ ಮನೆಗಳವರು ಎರಡನೇ ಸಲ ಅಳಬೇಕು. ಅದು ಬೇಡ ಎಂದೆವು. ಕೊನೆಗೆ ಊರೊಳಗಿನ ಗಾಂವಠಾಣಾ (ಊರಿನ ವಸತಿ) ಜಾಗದಲ್ಲಿ ಒಬ್ಬ ಹಿರಿಯರು ತಮ್ಮ ಸ್ವಂತ ಖಾಲಿ ಜಾಗ ಕೊಟ್ಟರು. ಬಾಯಿಮಾತಿನ ದಾನ ಇಟ್ಟುಕೊಳ್ಳಲಿಲ್ಲ. ಪಂಚಾಯಿತಿಯಿಂದ ಆಸ್ತಿಯ ದಾಖಲೆಯಾದ ಇ-ಸ್ವತ್ತು ನಮೂನೆ 9 ತೆಗೆಸಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದಾನಪತ್ರ ನೋಂದಣಿ ಮಾಡಿಸಿದೆವು. ಜಾಗ ಕೊಟ್ಟ ಅಜ್ಜ ಮಾತು ತಪ್ಪುವವರಲ್ಲ. ಆದರೆ ಕಾಗದ ಇರಬೇಕಾದದ್ದು ಮೊಮ್ಮಕ್ಕಳ ಕಾಲಕ್ಕೆ.

ಕಲ್ಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಈ ವಿಷಯ ನನ್ನ ಮನಸ್ಸನ್ನು ತುಂಬ ಕಾಡಿದೆ. ನಮ್ಮ ಭಾಗದಲ್ಲಿ ಯಾವ ಹಳೇ ಗುಡಿಗೆ ಹೋದರೂ ವೀರಗಲ್ಲು ಕಾಣುತ್ತದೆ. ದನ ಬಿಡಿಸಿಕೊಂಡು ಬರುವಾಗ ಸತ್ತವನು, ಊರು ಕಾಯುತ್ತ ಸತ್ತವನು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರ. 1980ರಲ್ಲಿ ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಗಿ ರೈತರು ಸತ್ತಾಗಲೂ ಜನ ನಿಲ್ಲಿಸಿದ್ದು ವೀರಗಲ್ಲನ್ನೇ. ಇವತ್ತಿಗೂ ಜುಲೈ 21ಕ್ಕೆ ರೈತರು ಅಲ್ಲಿ ಸೇರುತ್ತಾರೆ. ಹೆಣ್ಣುಮಕ್ಕಳಿಗೆ? ಹಳೇ ಕಾಲದಲ್ಲಿ ಅವರಿಗಾಗಿ ನಿಂತ ಕಲ್ಲು ಬಹುಪಾಲು ಮಾಸ್ತಿಕಲ್ಲು, ಅದೂ ಗಂಡನ ಜೊತೆ ಬೆಂಕಿಗೆ ಬಿದ್ದವಳಿಗೆ. ಬೆಳಗಿನ ಜಾವ ಬುತ್ತಿ ಕಟ್ಟಿಕೊಂಡು ದುಡಿಯಲು ಹೋದವಳಿಗೆ ಕಲ್ಲು ನಿಲ್ಲಿಸಿದ್ದನ್ನು ನಾನಂತೂ ಕಂಡಿಲ್ಲ. ಅದಕ್ಕೇ ಈ ಏಳು ಹೆಸರು ಕಲ್ಲಿನ ಮೇಲೆ ಬರಲೇಬೇಕು ಎಂದು ಸಭೆಯಲ್ಲಿ ನಾನು ಎದ್ದು ನಿಂತು ಹೇಳಿದೆ. ತುದಿಯಲ್ಲಿ ಸೂರ್ಯ ಚಂದ್ರ ಇರಲಿ, ಉಳಿದಿದ್ದೆಲ್ಲ ಬರೀ ಹೆಸರು ಎಂದು ತೀರ್ಮಾನವಾಯಿತು.

ಇಳಕಲ್ಲಿನ ಕೆಂಪು ಗ್ರಾನೈಟ್ ತರಿಸಿದೆವು. ಬಣ್ಣ ಬಳಿದ ಅಕ್ಷರ ನಮ್ಮ ಬಿಸಿಲಿಗೆ ನಿಲ್ಲುವುದಿಲ್ಲ, ಆಳವಾಗಿ ಕೆತ್ತಿಸಬೇಕು. ಹೆಸರನ್ನು ಆಧಾರ್ ಕಾರ್ಡಿನಿಂದ ನಕಲು ಮಾಡಲಿಲ್ಲ. ಕಾರ್ಡಿನಲ್ಲಿ ಒಂದು ಹೆಸರಿರುತ್ತದೆ, ಮನೆಯಲ್ಲಿ ಒಂದಿರುತ್ತದೆ, ಅಡ್ಡಹೆಸರು ತವರಿನದೋ ಗಂಡನ ಮನೆಯದೋ ಅನ್ನುವುದು ಮತ್ತೊಂದು. ಪ್ರತಿ ಮನೆಗೆ ಹೋಗಿ, ಅವರು ಹೇಳಿದಂತೆ ಬರೆದುಕೊಂಡು, ಅವರ ಎದುರಿಗೇ ಓದಿ ಹೇಳಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡೆವು. ಹಿರಿಯಳಿಂದ ಕಿರಿಯಳವರೆಗೆ ವಯಸ್ಸಿನ ಪ್ರಕಾರ ಸಾಲು. ಕೆತ್ತುವ ಮೊದಲು ಶಿಲ್ಪಿ ಕಲ್ಲಿನಷ್ಟೇ ದೊಡ್ಡ ಕಾಗದದಲ್ಲಿ ಅಕ್ಷರ ಬರೆದು ಕಲ್ಲಿಗೆ ಅಂಟಿಸಿದ್ದರು. ಎಲ್ಲರನ್ನೂ ಕರೆದು ತೋರಿಸಿದೆವು. ಪಿಯುಸಿ ಹುಡುಗಿಯ ಅವ್ವನಿಗೆ ಓದು ಬರುವುದಿಲ್ಲ. "ಯಕ್ಕಾ, ನನ್ನ ಮಗಳು ಎಲ್ಲಿದಾಳ ತೋರ್ಸು" ಎಂದಳು. ನಾನು ಆಕೆಯ ಬೆರಳು ಹಿಡಿದು ಕೊನೆಯ ಸಾಲಿನ ಮೇಲೆ ಇಟ್ಟೆ. ಒಂದೊಂದೇ ಅಕ್ಷರ ಮುಟ್ಟಿದಳು. "ಇಷ್ಟ ಸಣ್ಣಕ ಬ್ಯಾಡ, ದೂರಿಂದ ಕಾಣಬೇಕು" ಎಂದಳು. ಶಿಲ್ಪಿ ಮರುಮಾತಿಲ್ಲದೆ ಅಷ್ಟೂ ಅಕ್ಷರಗಳನ್ನು ದೊಡ್ಡದು ಮಾಡಿ ಮತ್ತೆ ಬರೆದರು.

ದೇಣಿಗೆ ಕೊಟ್ಟವರ ಹೆಸರಾಗಲಿ, ಉದ್ಘಾಟನೆಗೆ ಬಂದವರ ಹೆಸರಾಗಲಿ ಆ ಜಾಗದಲ್ಲಿ ಎಲ್ಲೂ ಇಲ್ಲ. ಇದಕ್ಕೆ ಕೆಲವರಿಗೆ ಬೇಸರವಾಯಿತು. ಆಗಲಿ. ಆ ಕಲ್ಲು ಏಳು ಜನರದು.

ಈಗ ದುಡ್ಡಿನ ವಿಷಯ. ಸಂಸ್ಥೆಯನ್ನು ನೋಂದಣಿ ಮಾಡಿಸದೆ ಒಬ್ಬರ ಖಾತೆಯಲ್ಲಿ ಹಣ ಕೂಡಿಡುವುದು ಬೇಡವೇ ಬೇಡ. ನಾವು ಟ್ರಸ್ಟ್ ಮಾಡುವುದು ಬೇಡವೆಂದು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘವಾಗಿ ನೋಂದಣಿಯಾದೆವು. ಕನಿಷ್ಠ ಏಳು ಸದಸ್ಯರಿರಬೇಕು. ಸರ್ವಸಾಧಾರಣ ಸಭೆ, ಚುನಾವಣೆ, ಆಡಿಟ್ ಇರುತ್ತದೆ. ದೇಶದ ಮೊದಲ ಕೃಷಿ ಸಹಕಾರ ಸಂಘ ಎಂದು ಹೆಸರಾದದ್ದು 1905ರಲ್ಲಿ ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲೇ ಹುಟ್ಟಿತು. ಸಭೆ ಕರೆದು, ಲೆಕ್ಕ ಓದಿ, ಕೈ ಎತ್ತಿಸಿ ಠರಾವು ಮಾಡುವ ರೂಢಿ ನಮ್ಮ ಜನಕ್ಕೆ ಹೊಸದಲ್ಲ. ಸಂಘವೇ ನಮಗೆ ಒಗ್ಗುತ್ತದೆ ಅನ್ನಿಸಿತು.

ನಿಯಮಾವಳಿ ಬರೆಯುವಾಗ ಆಡಿಟರ್ ಒಂದು ಮುಖ್ಯ ಮಾತು ಹೇಳಿದರು. "ತೀರಿಕೊಂಡವರ ಮಕ್ಕಳಿಗೆ ಮಾತ್ರ ಅಂತ ಬರೆದರೆ ಅದು ಸಾರ್ವಜನಿಕ ಧರ್ಮಕಾರ್ಯ ಆಗೋದಿಲ್ಲ, ತೆರಿಗೆ ವಿನಾಯಿತಿ ಸಿಗೋದಿಲ್ಲ." ಹಾಗಾಗಿ ಸುತ್ತಲಿನ ಹಳ್ಳಿಗಳ ಕೃಷಿ ಕೂಲಿಕಾರರ ಮಕ್ಕಳು ಎಂದು ಬರೆದೆವು. ಯಾವ ಜಾತಿ, ಧರ್ಮ ಅಂತ ಇಲ್ಲ. ಆ ಏಳು ಮನೆಯ ಮಕ್ಕಳೂ ಅದರಲ್ಲೇ ಬರುತ್ತಾರೆ. ನನ್ನ ಕೇಳಿದರೆ ತೆರಿಗೆಗಿಂತ ಮಕ್ಕಳಿಗಾದ ಒಳ್ಳೆಯದೇ ದೊಡ್ಡದು. "ಆಕ್ಸಿಡೆಂಟ್‌ದಾಗ ಸತ್ತವರ ಮಕ್ಕಳು" ಅನ್ನುವ ಹಣೆಪಟ್ಟಿ ಇಲ್ಲದೆ ಅವರು ಉಳಿದ ಮಕ್ಕಳ ಜೊತೆ ಸಾಲಿನಲ್ಲಿ ನಿಲ್ಲುತ್ತಾರೆ.

ಹಣ ಬಂದದ್ದು ಹೆಚ್ಚಾಗಿ ಊರವರಿಂದಲೇ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುವ ರೈತರು ಚೀಲಕ್ಕೆ ಇಷ್ಟು ಅಂತ ಎತ್ತಿಟ್ಟು ತಂದುಕೊಟ್ಟರು. ಬೆಂಗಳೂರು, ಗೋವಾ ಕಡೆ ದುಡಿಯಲು ಹೋದ ಹುಡುಗರು ಫೋನ್‌ನಲ್ಲೇ ಕಳಿಸಿದರು. ರಶೀದಿ ಪುಸ್ತಕ ಗದಗದಲ್ಲಿ ಅಚ್ಚು ಹಾಕಿಸಿದೆವು. ಮುದ್ರಣಕ್ಕೆ ಹೆಸರಾದ ಊರು ಅದು, ಕೆಲಸ ಅಚ್ಚುಕಟ್ಟಾಗಿತ್ತು. ಹತ್ತು ರೂಪಾಯಿ ಕೊಟ್ಟವರಿಗೂ ರಶೀದಿ ಹರಿದು ಕೊಟ್ಟೆವು. ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ನೋಂದಣಿಯಾದ ಮೇಲೆ ತಿಳಿದಿರಬೇಕಾದ ಒಂದೆರಡು ಮಾತಿವೆ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ದಾನಿಗೆ ವಿನಾಯಿತಿ ಇಲ್ಲ. ವರ್ಷದ ದೇಣಿಗೆಯ ಪಟ್ಟಿಯನ್ನು ಮೇ 31ರೊಳಗೆ ತೆರಿಗೆ ಇಲಾಖೆಗೆ ಸಲ್ಲಿಸಬೇಕು. ವಿದೇಶದಲ್ಲಿರುವ ವಿದೇಶಿ ಪೌರರಿಂದ ಹಣ ತೆಗೆದುಕೊಳ್ಳಲು ಬೇರೆಯೇ ಅನುಮತಿ ಬೇಕು. ನಾವು ಆ ತಂಟೆಗೆ ಹೋಗಲಿಲ್ಲ.

ದೊಡ್ಡ ಮೊತ್ತ ಕೊಡುವವರಿಂದ "ಮೂಲನಿಧಿಗೆ" ಎಂದು ಬರೆಸಿಕೊಂಡು ಡಿಪಾಸಿಟ್ ಇಟ್ಟೆವು. ಮೂಲ ಮುಟ್ಟುವಂತಿಲ್ಲ. ಈ ಬುದ್ಧಿ ನಮ್ಮ ನೆಲದಲ್ಲೇ ಇದೆ. ಶಿರಸಂಗಿಯ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮೊದಲೇ ತಮ್ಮ ಆಸ್ತಿಯನ್ನು ಓದುವ ಮಕ್ಕಳಿಗೆಂದು ಬರೆದಿಟ್ಟರು. ಅದರ ನೆರವಲ್ಲಿ ಓದಿದವರು ನಮ್ಮ ಸೀಮೆಯಲ್ಲಿ ಎಷ್ಟೋ ಮಂದಿ. ನಮ್ಮದು ಅಷ್ಟು ದೊಡ್ಡದಲ್ಲ. ಹತ್ತು ಲಕ್ಷ ಇಟ್ಟರೆ ಶೇಕಡಾ 7ರ ಲೆಕ್ಕಕ್ಕೆ ವರ್ಷಕ್ಕೆ 70 ಸಾವಿರ ಬರುತ್ತದೆ. ಆ 70 ಸಾವಿರದಲ್ಲಿ ಎಷ್ಟು ಮಕ್ಕಳಿಗೆ ನಿಜವಾಗಿ ಉಪಯೋಗವಾಗುತ್ತದೆ ಎಂದು ಮೊದಲು ಲೆಕ್ಕ ಹಾಕಿ, ಆಮೇಲೆ ಮಾತು ಕೊಡಿ. ನೂರು ಮಕ್ಕಳಿಗೆ ಏಳೇಳು ನೂರು ಹಂಚಿದರೆ ಯಾರ ಫೀಯೂ ತೀರುವುದಿಲ್ಲ.

ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನು. ಇಂಥ ಸಂಸ್ಥೆಗಳು ಸಾಮಾನ್ಯವಾಗಿ ಪುಣ್ಯತಿಥಿಯ ದಿನ ವೇದಿಕೆ ಹಾಕಿ, ಶಾಲು ಹೊದಿಸಿ ಚೆಕ್ ಕೊಡುತ್ತವೆ. ನಮ್ಮ ಪುಣ್ಯತಿಥಿ ಬರುವುದು ಜನವರಿಯಲ್ಲಿ. ಫೀ ಕಟ್ಟಬೇಕಾದದ್ದು ಮೇ ಕೊನೆಗೆ, ಜೂನ್‌ಗೆ. ಅದೇ ಹೊತ್ತಿಗೆ ಬೀಜ ಗೊಬ್ಬರದ ಖರ್ಚು, ಕೈಯಲ್ಲಿ ಕಾಸಿರುವುದಿಲ್ಲ. ಎಸ್‌ಎಸ್‌ಎಲ್‌ಸಿ ಪಾಸಾದ ಹುಡುಗಿ ಪಿಯುಸಿಗೆ ಹೋಗುತ್ತಾಳೋ ಕೂಲಿಗೆ ಹೋಗುತ್ತಾಳೋ ಅನ್ನುವುದು ತೀರ್ಮಾನವಾಗುವುದು ಆ ಕೆಲವೇ ವಾರಗಳಲ್ಲಿ. ಜನವರಿಯಲ್ಲಿ ಚೆಕ್ ಕೊಟ್ಟರೆ ಅದು ಬಡ್ಡಿ ಕಟ್ಟಲು ಹೋಗುತ್ತದೆ. ಅಥವಾ ಆ ಹುಡುಗಿ ಅಷ್ಟರಲ್ಲಿ ಕಾಲೇಜು ಬಿಟ್ಟೇ ಆಗಿರುತ್ತದೆ. ಸರ್ಕಾರದ ವಿದ್ಯಾರ್ಥಿವೇತನವೂ ಇದೆ, ಅದನ್ನು ಬಿಡಬಾರದು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯನ್ನು ಆಮೇಲೆ ಕೂಲಿಕಾರರ ಮಕ್ಕಳಿಗೂ ವಿಸ್ತರಿಸಿದರು. ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗಿಗೆ ಅದರಲ್ಲಿ ವರ್ಷಕ್ಕೆ 3,000, ಹುಡುಗನಿಗೆ 2,500 ಎಂದು ಇಟ್ಟಿದ್ದರು. ಆದರೆ ದಾಖಲಾತಿ ಆದಮೇಲೆಯೇ ಅದಕ್ಕೆಲ್ಲ ದಾರಿ. ದಾಖಲಾತಿ ಮಾಡಿಸುವ ದುಡ್ಡು ಯಾರು ಕೊಡಬೇಕು? ಅದನ್ನು ನಾವು ಕೊಡುತ್ತೇವೆ.

ಹಾಗಾಗಿ ಕಲ್ಲನ್ನೂ ದುಡ್ಡನ್ನೂ ಬೇರೆ ಮಾಡಿದೆವು. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಕೂಡಲೇ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಓಣಿ ಓಣಿ ತಿರುಗಿ ಪಟ್ಟಿ ಮಾಡುತ್ತಾರೆ. ಯಾರ ಮನೆ ಹೇಗಿದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಕ ಎಷ್ಟು ಅಂತ ಮೊದಲು ಕೇಳುವುದಿಲ್ಲ, ಪಾಸಾಗಿದ್ದರೆ ಸಾಕು. ಐಟಿಐಗೂ ಕೊಡುತ್ತೇವೆ, ನರ್ಸಿಂಗ್‌ಗೂ ಕೊಡುತ್ತೇವೆ. ಫೀ ನೇರವಾಗಿ ಕಾಲೇಜಿನ ಖಾತೆಗೆ, ಬಸ್ ಪಾಸ್ ಮತ್ತು ಪುಸ್ತಕದ ಹಣ ವಿದ್ಯಾರ್ಥಿಯ ಖಾತೆಗೆ. ಖಾತೆಗೆ ಆಧಾರ್ ಜೋಡಣೆ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಸರ್ಕಾರದ ಪೋರ್ಟಲ್‌ನಲ್ಲಿ ಅರ್ಜಿ, ಇವನ್ನೂ ಜೊತೆಗೇ ಮಾಡಿಸುತ್ತೇವೆ. ವೇದಿಕೆ ಇಲ್ಲ, ಫೋಟೊ ಇಲ್ಲ. ಯಾರಿಗೆ ಎಷ್ಟು ಹೋಯಿತು ಅನ್ನುವ ಪೂರ್ತಿ ಲೆಕ್ಕವನ್ನು ಸರ್ವಸಾಧಾರಣ ಸಭೆಯಲ್ಲಿ ಓದುತ್ತೇವೆ. ಯಾವ ಸದಸ್ಯರಾದರೂ ಪುಸ್ತಕ ತೆಗೆದು ನೋಡಬಹುದು.

ಎರಡನೇ ವರ್ಷದ ಹಣಕ್ಕೆ ಮತ್ತೆ ಅರ್ಜಿ ಬೇಡ, ಹಾಜರಾತಿ ಇದ್ದರೆ ಸಾಕು. ಫೇಲಾದರೂ ಒಂದು ಸಲ ಪರೀಕ್ಷಾ ಶುಲ್ಕ ಕಟ್ಟುತ್ತೇವೆ. ಈ ಬಗ್ಗೆ ಸಮಿತಿಯಲ್ಲಿ ಜೋರು ಚರ್ಚೆ ನಡೆದಿತ್ತು. ಕೂಲಿಯ ಮನೆಯಲ್ಲಿ ಒಂದು ಸಲ ಫೇಲಾದ ಹುಡುಗಿಗೆ ಎರಡನೇ ಅವಕಾಶ ಯಾರೂ ಕೊಡುವುದಿಲ್ಲ ಎಂದು ಹೆಣ್ಣುಮಕ್ಕಳು ಪಟ್ಟು ಹಿಡಿದರು. ಅವರ ಮಾತೇ ನಡೆಯಿತು. ನನಗೂ ಅದೇ ಸರಿ ಅನ್ನಿಸುತ್ತದೆ.

ಜನವರಿಯಲ್ಲಿ ಆ ದಿನ ಊರಲ್ಲಿ ಯಾರೂ ಕೂಲಿಗೆ ಹೋಗುವುದಿಲ್ಲ. ಕಲ್ಲು ತೊಳೆದು ಹೂವು ಏರಿಸುತ್ತಾರೆ. ಏಳೂ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ಭಾಷಣ ಇಲ್ಲ. ಮಧ್ಯಾಹ್ನ ಎಲ್ಲರೂ ಕೂಡಿ ಊಟ ಮಾಡುತ್ತಾರೆ. ಆ ಮೇಲೆ ಒಂದು ಸಭೆ, ಅದರ ವಿಷಯ ಗಾಡಿ.

ಕೂಲಿಗೆ ಗೂಡ್ಸ್ ಗಾಡಿ ಹತ್ತಬಾರದು, ಪ್ರಯಾಣಿಕರ ಪರ್ಮಿಟ್ ಇರುವ ಗಾಡಿಯನ್ನೇ ಕರೆಸಬೇಕು, ಜಾಸ್ತಿಯಾಗುವ ಬಾಡಿಗೆಯನ್ನು ಕೆಲಸಕ್ಕೆ ಕರೆಯುವ ರೈತರು ಕೊಡಬೇಕು ಎಂದು ನಮ್ಮೂರಲ್ಲಿ ಠರಾವಾಗಿದೆ. ನಮ್ಮೂರಿನ ರೈತರು ಒಪ್ಪಿದ್ದಾರೆ. ಆದರೆ ಸುಗ್ಗಿ ಜೋರಾದಾಗ ಬೇರೆ ಊರಿನಿಂದ ಗೂಡ್ಸ್ ಗಾಡಿ ಬಂದು ನಿಲ್ಲುತ್ತದೆ, ಹತ್ತು ಇಪ್ಪತ್ತು ರೂಪಾಯಿ ಜಾಸ್ತಿ ಪಗಾರ ಅಂತಾರೆ, ಕಷ್ಟದಲ್ಲಿದ್ದವರು ಹತ್ತಿಬಿಡುತ್ತಾರೆ. ಒಂದೇ ಊರಿನಿಂದ ಇದು ನಿಲ್ಲುವುದಿಲ್ಲ. ಈ ಸಲ ಸುಗ್ಗಿಗೆ ಮೊದಲೇ ಸುತ್ತಲಿನ ಹಳ್ಳಿಗಳ ಸಂಘದವರನ್ನು ಕರೆದು ಬಾಡಿಗೆ ದರ, ಗಾಡಿ ಎರಡನ್ನೂ ಒಟ್ಟಿಗೆ ಮಾತಾಡುವವರಿದ್ದೇವೆ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಸಂಘದವರೂ ಬರುವುದಾದರೆ ದೀಪಾವಳಿ ಮುಗಿದ ಮೇಲಿನ ಒಂದು ಭಾನುವಾರ ಇಟ್ಟುಕೊಳ್ಳಬಹುದು.