ಮಕ್ಕಳ ಮನಸ್ಸಿನ ಕಾಳಜಿ: ಊಟದ ಸಾಲಿನಿಂದಲೇ ಶುರು ಮಾಡಿ

ಪ್ರಾಥಮಿಕ ಶಾಲೆಯ ಮಗು ತನ್ನ ಬೇಜಾರನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಹೊಟ್ಟೆನೋವು ಅನ್ನುತ್ತದೆ, ಸುಮ್ನೆ ಕೂರುತ್ತದೆ, ಇಲ್ಲವೇ ಪಕ್ಕದವನಿಗೆ ಹೊಡೆಯುತ್ತದೆ. ಹಾಗಾಗಿ ಶಾಲೆಯವರ ಮೊದಲ ಕೆಲಸ, ನೋಡುವುದು.

ಎಷ್ಟೋ ಸಲ ಇದು ಮೊದಲು ಕಾಣುವುದು ಬಿಸಿಯೂಟದ ಅಡುಗೆಯವರಿಗೆ. ದಿನಾ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ ಹುಡುಗಿ ಈಗ ಸಾರನ್ನ ಕಲಸಿಟ್ಟು ಹಾಗೇ ಎದ್ದು ಹೋಗುತ್ತಾಳೆ. ಗೆಳತಿಯರ ಸಾಲು ಬಿಟ್ಟು ಕಂಬದ ಹತ್ತಿರ ಒಬ್ಬಳೇ ಕೂರುತ್ತಾಳೆ. ಇದನ್ನು ಕಂಡ ಅಡುಗೆಯ ಅಕ್ಕ ಯಾರಿಗೆ ಹೇಳಬೇಕು? ಮುಖ್ಯ ಶಿಕ್ಷಕರು ಅದನ್ನು ಮೊದಲೇ ತಿಳಿಸಿಟ್ಟಿರಬೇಕು. ವಾರಕ್ಕೊಮ್ಮೆ ಹತ್ತು ನಿಮಿಷ ಅಡುಗೆಯವರನ್ನೂ ಕೂರಿಸಿಕೊಂಡು ಮಾತಾಡಿ. ಶಿಕ್ಷಕರೂ ತಮ್ಮ ಸುಸ್ತು, ಬೇಸರ ಹೇಳಿಕೊಳ್ಳಲಿ.

ಆಮೇಲೆ ಮಗುವಿನ ಜೊತೆ ಮಾತು. ಎಲ್ಲರೆದುರು ಕೇಳಬೇಡಿ. ಗಿಡಕ್ಕೆ ನೀರು ಹಾಕುವಾಗ ಜೊತೆಗೆ ಕರೆದುಕೊಳ್ಳಿ. ‘ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ ಅಲ್ವಾ ಪುಟ್ಟಾ?’ ಎಂದು ಕಂಡದ್ದನ್ನಷ್ಟೇ ಹೇಳಿ, ಕಾಯಿರಿ. ‘ಯಾರಿಗೂ ಹೇಳಲ್ಲ’ ಎಂದು ಮಾತ್ರ ಮಾತು ಕೊಡಬೇಡಿ. ಲೈಂಗಿಕ ಕಿರುಕುಳದ ವಿಷಯವಾದರೆ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಹೊಡೆತ, ಹಿಂಸೆ ಯಾವುದೇ ಇರಲಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ತರಗತಿಯೊಳಗಿನ ಮಾತೂ ಮುಖ್ಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ದಡ್ಡ’ ಎಂದು ಎಲ್ಲರೆದುರು ಕರೆಯುವುದು ನನ್ನ ಮಟ್ಟಿಗೆ ಬೆತ್ತದ ಏಟಿಗಿಂತ ಜಾಸ್ತಿ ದಿನ ಉಳಿಯುವ ನೋವು.

ಅಪ್ಪ ಅಮ್ಮನನ್ನು ದೂರು ಹೇಳುವುದಕ್ಕೆಂದು ಕರೆಸಬೇಡಿ. ಮಗು ಚೆನ್ನಾಗಿ ಮಾಡಿದ ಒಂದು ಕೆಲಸ ಹೇಳಿ, ‘ಮನೇಲಿ ಹೇಗಿದ್ದಾಳೆ?’ ಎಂದು ಕೇಳಿ. ಕೂಲಿ ಬಿಟ್ಟು ಬರಲಾಗದವರಿಗೆ ಸಂಜೆ ಫೋನ್ ಮಾಡಿ.

ಎರಡು ವಾರವಾದರೂ ಮಗು ಹಾಗೇ ಇದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಈ ಸೇವೆ ಉಚಿತ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಗು ಸಾಯುವ ಮಾತಾಡಿದರೆ ಎರಡು ವಾರ ಕಾಯುವುದು ಬೇಡ. ಒಬ್ಬಂಟಿಯಾಗಿ ಬಿಡದೆ, ಮನೆಯವರನ್ನು ಕರೆಸಿ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

1098, 14416 ಈ ಎರಡೂ ನಂಬರ್‌ಗಳನ್ನು ಆಫೀಸಿನೊಳಗಲ್ಲ, ಕೈ ತೊಳೆಯುವ ನಲ್ಲಿಯ ಪಕ್ಕದ ಗೋಡೆಯಲ್ಲಿ, ಒಂದನೇ ಕ್ಲಾಸಿನ ಮಗುವಿನ ಕಣ್ಣಿಗೆ ಬೀಳುವ ಎತ್ತರಕ್ಕೆ ದಪ್ಪಕ್ಷರದಲ್ಲಿ ಬರೆಸಿ.